ಹಳೆಯ ಮೋಟಾರಿನ ಪರೀಕ್ಷೆಯೂ ಮಾರುವವನ ಮೌನವೂ

ಕೊಳ್ಳುವವನು ಕಣ್ಣಾರೆ ಪರೀಕ್ಷಿಸಿ ಕೊಂಡನೆಂದಮೇಲೆ ಮಾರುವವನ ಹೊಣೆ ತೀರಿತೆ? ಪ್ರಶ್ನೆಯೇನೋ ಹಳೆಯದು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲೆಣಿಸುವ, ಸುಳಿ ನೋಡುವ, ನಾಲ್ಕು ಹೆಜ್ಜೆ ನಡೆಯಿಸಿ ಕಾಲನ್ನು ಗಮನಿಸುವ ರೈತನೂ, ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ತಿಳಿಸುವ ದಳ್ಳಾಳಿಯೂ ಇದನ್ನು ಬಹುಕಾಲದಿಂದ ತಮ್ಮತಮ್ಮ ರೀತಿಯಲ್ಲಿ ಬಗೆಹರಿಸಿಕೊಳ್ಳುತ್ತ ಬಂದಿದ್ದಾರೆ. ಈಗ ಅದೇ ಪ್ರಶ್ನೆಯು ಹಳೆಯ ಮೋಟಾರು ಗಾಡಿಯ ರೂಪದಲ್ಲಿ ನಮ್ಮ ಜಿಲ್ಲೆಯ ಮನೆಗಳ ಬಾಗಿಲಿಗೆ ಬಂದಿದೆ. ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತಿತು; ಮುಂಬಯಿಯ ಕುರ್ಲಾದ ಪ್ರೀಮಿಯರ್ ಪದ್ಮಿನಿಯ ಕಾಲ ಅದಕ್ಕೂ ಮೊದಲೇ ಮುಗಿದಿತ್ತು. ಒಂದು ಕಾಲಕ್ಕೆ ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಹೋಗುತ್ತಿದ್ದ ಈ ಗಾಡಿಗಳನ್ನು ಇಂದು ಬೆಂಗಳೂರಿನ ರಸಿಕರು ಹಳ್ಳಿಹಳ್ಳಿಯಲ್ಲಿ ಹುಡುಕುತ್ತಾರೆ. 50 ವರ್ಷ ದಾಟಿ ಮೂಲಸ್ಥಿತಿಯಲ್ಲಿರುವ ಗಾಡಿಗಳಿಗೆ ಪ್ರತ್ಯೇಕ ನೋಂದಣಿಯನ್ನು ಸರ್ಕಾರವು 2021ರಲ್ಲಿ ಏರ್ಪಡಿಸಿದಮೇಲೆ ಅವಕ್ಕೆ ಒಂದು ಬಗೆಯ ಕುಲೀನತೆಯೂ ಬಂದಿತು.

ಪರೀಕ್ಷೆಯ ಕ್ರಮವನ್ನು ತುಸು ವಿಸ್ತಾರವಾಗಿಯೇ ಹೇಳಬೇಕಾಗಿದೆ. ನಮ್ಮ ವಿಚಾರವು ಅದರಲ್ಲಿಯೇ ಅಡಗಿದೆ. ತಿಳಿದವನು ಮೊದಲು ಇಂಜಿನಿನ ಮೇಲೆ ಅಂಗೈಯಿಟ್ಟು ನೋಡುತ್ತಾನೆ, ಅದು ತಣ್ಣಗಿರಬೇಕು. ತಣ್ಣಗಿರುವ ಯಂತ್ರವನ್ನು ಹೊರಡಿಸಿದಾಗಲೇ ಅದರ ನಿಜವಾದ ದನಿ ಕೇಳಿಸುವುದು. ಹಿಂದಿನ ಕೊಳವೆಯಿಂದ ನೀಲಿ ಹೊಗೆ ಬಂದರೆ ಎಣ್ಣೆ ಸುಡುತ್ತಿದೆ, ಪಿಸ್ಟನ್ನಿನ ರಿಂಗುಗಳೋ ವಾಲ್ವಿನ ಗೈಡುಗಳೋ ಸವೆದಿವೆ ಎಂದರ್ಥ. ಕಪ್ಪು ಹೊಗೆಯಾದರೆ ಪೆಟ್ರೋಲು ಮಿತಿಮೀರಿ ಹೋಗುತ್ತಿದೆ. ಕಾದಮೇಲೂ ನಿಲ್ಲದ ಬಿಳಿಯ ಆವಿಯಾದರೆ ಸಿಲಿಂಡರಿಗೆ ನೀರು ನುಗ್ಗುತ್ತಿರಬಹುದು. ಎಣ್ಣೆ ಸುರಿಯುವ ಮುಚ್ಚಳದ ಒಳಬದಿಯಲ್ಲಿ ಹಾಲಿನ ಕೆನೆಯಂಥ ಜಿಡ್ಡಿದ್ದರೆ ಆ ಶಂಕೆ ಬಲಗೊಳ್ಳುತ್ತದೆ. ಬಳಿಕ ನಾಲ್ಕು ಪ್ಲಗ್ಗುಗಳನ್ನೂ ಬಿಚ್ಚಿ, ಒಂದೊಂದು ರಂಧ್ರಕ್ಕೂ ಒತ್ತಡಮಾಪಕವನ್ನು ಹಚ್ಚಿ ಯಂತ್ರವನ್ನು ತಿರುಗಿಸಬೇಕು. ಸಿಲಿಂಡರುಗಳೊಳಗೆ ಶೇಕಡಾ 10–15ಕ್ಕಿಂತ ಹೆಚ್ಚಿನ ಅಂತರ ಕಂಡರೆ ಎಲ್ಲಿಯೋ ದೋಷವಿದೆ. ಒತ್ತಡ ಕಡಿಮೆಯಾದ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆಯುತ್ತಾರೆ. ಮುಳ್ಳು ಮೇಲೇರಿದರೆ ರಿಂಗಿನ ಸವೆತ, ಏರದಿದ್ದರೆ ಬಹುಶಃ ವಾಲ್ವಿನದು. ಎತ್ತಿನ ಹಲ್ಲೆಣಿಸುವ ವಿದ್ಯೆಗಿಂತ ಇದೇನೂ ಗಹನವಾದುದಲ್ಲ.

ಮಾರುವವನು ಗಿರಾಕಿ ಬರುವ ಮೊದಲೇ ಇಂಜಿನನ್ನು ಓಡಿಸಿ ಕಾಯಿಸಿಟ್ಟಿದ್ದನೆನ್ನಿ. ತಳದ ಬೇರಿಂಗಿನ ಬಡಿತ ಕೇಳಿಸದಂತೆ ಮಂದವಾದ ಎಣ್ಣೆಯನ್ನು ತುಂಬಿಟ್ಟಿದ್ದನೆನ್ನಿ. ಅವನು ಒಂದು ಸುಳ್ಳನ್ನೂ ಆಡಲಿಲ್ಲ. ಆದರೆ ಯಂತ್ರದ ಬಾಯಿಂದ ಸುಳ್ಳಾಡಿಸಿದನು. (ಬ್ಯಾಟರಿ ಕೈಕೊಟ್ಟು ಬಂದವರ ಮುಂದೆ ಮಾನ ಹೋದೀತೆಂದು ಮುಂಚಿತವಾಗಿ ಕಾಯಿಸಿಡುವ ಮುಗ್ಧರೂ ಉಂಟು, ಅಂಥವರನ್ನು ಕಳ್ಳರ ಸಾಲಿಗೆ ಸೇರಿಸಲಾಗದು.) ಇದರಲ್ಲಿ ವಿವಾದವಿಲ್ಲ. ಕಷ್ಟವಿರುವುದು ಏನನ್ನೂ ಮರೆಮಾಡದೆ, ಏನನ್ನೂ ಹೇಳದೆ, ಸುಮ್ಮನೆ ನಿಂತಿರುವವನ ವಿಷಯದಲ್ಲಿ.

1872ರ ಕರಾರು ಕಾಯಿದೆಯ 17ನೆಯ ಕಲಮಿಗೆ ಕೊಟ್ಟಿರುವ ಉದಾಹರಣೆಗಳು ಚಿಂತನೀಯವಾಗಿವೆ. ರೋಗವುಳ್ಳ ಕುದುರೆಯನ್ನು ಹರಾಜಿನಲ್ಲಿ ಮಾರುವವನು ಸುಮ್ಮನಿದ್ದರೆ ಅದು ವಂಚನೆಯಲ್ಲ. ಕೊಳ್ಳುವವಳು ಆಗತಾನೆ ಪ್ರಾಪ್ತವಯಸ್ಕಳಾದ ಅವನ ಮಗಳೇ ಆದರೆ, ಹೇಳುವುದು ಅವನ ಕರ್ತವ್ಯ. ‘ನೀವು ಇಲ್ಲವೆನ್ನದಿದ್ದರೆ ಕುದುರೆ ಸರಿಯಿದೆಯೆಂದೇ ತಿಳಿಯುತ್ತೇನೆ’ ಎಂದು ಗಿರಾಕಿ ನುಡಿದಾಗಲೂ ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ. 1930ರ ಸರಕು ಮಾರಾಟದ ಕಾಯಿದೆಯಾದರೋ ವರ್ತಕನಿಂದ ಕೊಳ್ಳುವಲ್ಲಿಯೂ, ಪರೀಕ್ಷೆಯಿಂದ ಕಾಣಬಹುದಾಗಿದ್ದ ದೋಷಕ್ಕೆ ಪರೀಕ್ಷಿಸಿದವನು ಆಕ್ಷೇಪವೆತ್ತಲಾಗದೆನ್ನುತ್ತದೆ. ನ್ಯಾಯಾಲಯಕ್ಕೆ ಇಂಥ ಗಡಿರೇಖೆಗಳು ಬೇಕು. ಆದರೆ ಮಗಳಿಗೆ ಹೇಳಬೇಕಾದುದನ್ನು ನೆರೆಯ ಬೀದಿಯವನಿಗೆ ಹೇಳಬೇಕಾಗಿಲ್ಲವೆಂಬುದು, ಎಲ್ಲರನ್ನೂ ಅಣ್ಣ, ಅಕ್ಕ, ಮಾವ ಎಂದು ಕರೆಯುವ ನಮ್ಮ ಊರುಗಳಲ್ಲಿ ಅಷ್ಟು ಸುಲಭವಾಗಿ ಒಪ್ಪತಕ್ಕ ಮಾತಲ್ಲ.

ರೋಮಿನ ಸಿಸೆರೋ ಕ್ರಿ. ಪೂ. 44ರಲ್ಲಿ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿ ಇದನ್ನೇ ಒಬ್ಬ ಧಾನ್ಯದ ವರ್ತಕನನ್ನಿಟ್ಟುಕೊಂಡು ಚರ್ಚಿಸಿದ್ದಾನೆ. ಧಾನ್ಯದ ವ್ಯಾಪಾರವನ್ನು ಬಲ್ಲ ತ್ಯಾಮಗೊಂಡ್ಲಿನ ಪೇಟೆಯವರಿಗೆ ಅದು ಚೆನ್ನಾಗಿ ಅರ್ಥವಾದೀತು. ರೋಡ್ಸ್ ದ್ವೀಪದಲ್ಲಿ ಕ್ಷಾಮ. ಅಲೆಕ್ಸಾಂಡ್ರಿಯದಿಂದ ಒಬ್ಬನು ಧಾನ್ಯದ ಹಡಗು ತಂದಿದ್ದಾನೆ. ಹಿಂದೆ ಬೇರೆ ಹಡಗುಗಳೂ ಬರುತ್ತಿರುವುದನ್ನು ಕಂಡಿದ್ದಾನೆ. ಅದನ್ನು ಹೇಳಬೇಕೆ? ಬಾಬಿಲೋನಿನ ಡಯೋಜೆನಿಸನ ಪ್ರಕಾರ ಹೇಳಬೇಕಾಗಿಲ್ಲ. ಬಚ್ಚಿಡುವುದು ಬೇರೆ, ಹೇಳದಿರುವುದು ಬೇರೆ. ಅವನ ಶಿಷ್ಯ ಆಂಟಿಪೇಟರನ ಪ್ರಕಾರ ಹೇಳಲೇಬೇಕು. ಸಿಸೆರೋ ಶಿಷ್ಯನ ಪಕ್ಷವನ್ನು ವಹಿಸುತ್ತಾನೆ. ನನಗೂ ಹಾಗೆಯೇ ತೋರುತ್ತದೆಯಾದರೂ, ಗುರುವಿನ ವಾದದಲ್ಲಿ ಹುರುಳಿಲ್ಲವೆನ್ನಲಾರೆ. ಪೇಟೆಯ ಧಾರಣೆ ಎಲ್ಲರೂ ವಿಚಾರಿಸಿ ತಿಳಿಯಬಹುದಾದ ಸಂಗತಿ. ಗಾಡಿಯ ಪೂರ್ವಚರಿತ್ರೆ ಹಾಗಲ್ಲ. ಒಮ್ಮೆ ನೀರಿಲ್ಲದೆ ಕಾದು ಹೆಡ್ಡು ಬಾಗಿದ್ದು, ಬಿರಿದ ಬ್ಲಾಕಿಗೆ ಬೆಸುಗೆ ಹಾಕಿಸಿದ್ದು, ಇವು ಒಡೆಯನ ನೆನಪಿನಲ್ಲಿವೆ. ಮಾಪಕವು ಈ ದಿನದ ಒತ್ತಡವನ್ನು ತೋರಿಸೀತೇ ಹೊರತು ಕಳೆದ ವರ್ಷಗಳನ್ನು ತೋರಿಸಲಾರದು. ಪರೀಕ್ಷೆ ನಿಲ್ಲುವ ಕಡೆಯಿಂದಲೇ ಹೇಳುವ ಹೊಣೆ ಮೊದಲಾಗುತ್ತದೆ.

ಇಷ್ಟರವರೆಗೆ ಮಾರುವವನನ್ನೇ ಕಟಕಟೆಯಲ್ಲಿ ನಿಲ್ಲಿಸಿದೆವು. ನಮ್ಮ ಕಡೆ ಹೆಚ್ಚಾಗಿ ಮೋಸಹೋಗುವವರು ಮಾರುವವರೇ ಎಂದು ನನ್ನ ಎಣಿಕೆ. ತ್ಯಾಮಗೊಂಡ್ಲಿನ ಹಳೆಯ ಮನೆಯೊಂದರ ಕೊಟ್ಟಿಗೆಯಲ್ಲಿ ಯಜಮಾನರು ಓಡಿಸುತ್ತಿದ್ದ ಪದ್ಮಿನಿ ನಿಂತಿದೆಯೆಂದು ಭಾವಿಸೋಣ. ಅವರು ತೀರಿಹೋಗಿದ್ದಾರೆ, ಮನೆಯಲ್ಲಿರುವ ಅಜ್ಜಿಗೆ ಅದು ಜಾಗ ಹಿಡಿದಿರುವ ಕಬ್ಬಿಣ. ನಗರದಿಂದ ಬಂದವನು ಅಪ್ಪಣೆ ಕೇಳಿ ಪ್ಲಗ್ಗು ಬಿಚ್ಚಿ ಅಳೆಯುತ್ತಾನೆ. ನಾಲ್ಕು ಸಿಲಿಂಡರುಗಳೂ ಸಮನಾಗಿವೆ, ಇಂಜಿನ್ ಸಂಖ್ಯೆ ನೋಂದಣಿ ಪತ್ರಕ್ಕೆ ಹೊಂದುತ್ತದೆ. ಒಳಗೊಳಗೇ ಹಿಗ್ಗಿ, ಮುಖವನ್ನು ಮಾತ್ರ ಸಪ್ಪಗೆ ಮಾಡಿಕೊಂಡು, ‘ಏನೂ ಉಳಿದಿಲ್ಲ, ಅಜ್ಜೀ, ಇಂಜಿನ್ ಪೂರಾ ಹೋಗಿದೆ’ ಎನ್ನುತ್ತಾನೆ. ಇದನ್ನು ಜನರು ಚೌಕಾಸಿಯೆಂದು ಕರೆಯುತ್ತಾರೆ!

ಸಿಸೆರೋ ಅದೇ ಗ್ರಂಥದಲ್ಲಿ ಸ್ಕೇವೋಲನೆಂಬವನ ಸಂಗತಿಯನ್ನು ಹೇಳುತ್ತಾನೆ. ಭೂಮಿಯನ್ನು ಕೊಳ್ಳಹೋಗಿ, ಮಾರುವವನು ಹೇಳಿದ ಬೆಲೆ ಕಡಿಮೆಯಾಯಿತೆಂದು ತಾನೇ ಒಂದು ಲಕ್ಷ ನಾಣ್ಯಗಳನ್ನು ಹೆಚ್ಚಾಗಿ ಕೊಟ್ಟನಂತೆ. ಎಲ್ಲರಿಂದಲೂ ಅಷ್ಟನ್ನು ಕೇಳಲಾಗದು. ಪೇಟೆಯಲ್ಲಿ ಅಂಥ ಗಾಡಿಗೆ ಏನು ನಡೆಯುತ್ತದೆಂಬುದು ಗಿರಾಕಿ ತಿರುಗಾಡಿ ಗಳಿಸಿದ ಜ್ಞಾನ. ಅದನ್ನು ಅಜ್ಜಿಗೆ ಕಲಿಸದಿದ್ದರೆ ಅವನನ್ನು ಕೃಪಣನೆನ್ನಬಹುದು, ವಂಚಕನೆನ್ನಲಾಗದು. ಮಾಪಕದ ಮುಳ್ಳು ತೋರಿಸಿದ ಅಂಕೆ ಮಾತ್ರ ಅವನ ಸ್ವತ್ತಲ್ಲ. ಅವಳ ಯಂತ್ರವನ್ನು ಅವಳ ಅಪ್ಪಣೆಯಿಂದ ತೆರೆದು ಕಂಡುಕೊಂಡದ್ದು ಅವಳಿಗೂ ಸೇರಿದ್ದು. ಮಾರಿದಮೇಲೆ ಗಾಡಿ ಯಾರದಾಗುವುದೋ ಅವನಿಗೆ ಅದರ ಚರಿತ್ರೆ ಸಲ್ಲುವುದು ಹೇಗೋ, ಮಾರುವವರೆಗೆ ಅದು ಯಾರದೋ ಅವಳಿಗೆ ಅದರ ಆರೋಗ್ಯದ ಸುದ್ದಿ ಸಲ್ಲುವುದೂ ಹಾಗೆಯೇ.

ಪರೀಕ್ಷೆಯು ನಡೆಯುವಾಗ ಮನೆಯವರಲ್ಲೊಬ್ಬರು ಪಕ್ಕದಲ್ಲಿ ನಿಂತಿರಲಿ. ಮೆಕ್ಯಾನಿಕ್ಕು ಒಂದೊಂದು ಸಿಲಿಂಡರಿನ ಅಂಕೆಯನ್ನೂ ಗಟ್ಟಿಯಾಗಿ ಓದಲಿ. ಅದನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಲಿ. ‘ಇದಕ್ಕೆ ಹಿಂದೆ ಏನಾದರೂ ಆಗಿತ್ತೆ?’ ಎಂದು ಗಿರಾಕಿ ಕೇಳಿ, ಬಂದ ಉತ್ತರವನ್ನು ಅದೇ ಕಾಗದದ ಕೆಳಗೆ ಸೇರಿಸಲಿ. ಬೆಲೆಯ ಮಾತನ್ನು ಆಮೇಲೆ ಎತ್ತಬಹುದು.