ಮುಕ್ತ ಬೇರೆ, ಪುಕ್ಕಟೆ ಬೇರೆ

ಇಂಗ್ಲಿಷಿನ ‘ಫ್ರೀ’ ಎಂಬ ಮಾತಿಗೆ ಎರಡು ಅರ್ಥ. ದುಡ್ಡು ಕೊಡಬೇಕಿಲ್ಲದ್ದೂ ಫ್ರೀ, ಕಟ್ಟಿಹಾಕದೆ ಬಿಟ್ಟದ್ದೂ ಫ್ರೀ. 1980ರ ದಶಕದಲ್ಲಿ ‘ಫ್ರೀ ಸಾಫ್ಟ್‌ವೇರ್’ ಚಳವಳಿ ಶುರುಮಾಡಿದ ರಿಚರ್ಡ್ ಸ್ಟಾಲ್ಮನ್ ಅಂದಿನಿಂದಲೂ ಈ ಗೊಂದಲವನ್ನು ಬಿಡಿಸಿ ಹೇಳುತ್ತಲೇ ಇದ್ದಾರೆ. ಕನ್ನಡದವರಿಗೆ ಆ ಕಷ್ಟವಿಲ್ಲ. ಪುಕ್ಕಟೆ ಎಂದರೆ ಪುಕ್ಕಟೆ, ಮುಕ್ತ ಎಂದರೆ ಮುಕ್ತ. ಅಷ್ಟೇ ಅಲ್ಲ, ಪುಕ್ಕಟೆ ಸಿಕ್ಕಿದ್ದರ ಬಗ್ಗೆ ನಮ್ಮ ಅಜ್ಜಿಯಂದಿರಿಗೆ ಮೊದಲಿನಿಂದಲೂ ಒಂದು ಗುಮಾನಿ ಇದ್ದೇ ಇತ್ತು.

ಪಿಎಚ್.ಡಿ.ಗಾಗಿ ನಾನು ಓದುತ್ತಿರುವುದು ನಂಬಿಕೆಯ ನೀತಿಶಾಸ್ತ್ರವನ್ನು: ನಮಗೆ ಪರೀಕ್ಷಿಸಲು ಬಾರದ ಸಂಗತಿಗಳನ್ನು ನಾವು ಯಾವ ಆಧಾರದ ಮೇಲೆ ನಂಬುತ್ತೇವೆ, ಯಾವಾಗ ನಂಬಬಾರದು ಎಂಬ ಪ್ರಶ್ನೆ. ಈ ಓದು ನನ್ನನ್ನು ತತ್ವಶಾಸ್ತ್ರದ ಕಪಾಟಿನಿಂದ ಎಬ್ಬಿಸಿ ಡಾಕ್ಟರರ ಮೇಜಿನ ಮೇಲಿನ ಕಂಪ್ಯೂಟರಿನ ಮುಂದೆ ತಂದು ನಿಲ್ಲಿಸಿತು. ಅದಕ್ಕೆ ಕಾರಣ ಅಮೆರಿಕದ ಒಂದು ಪ್ರಕರಣ.

ಸ್ಯಾನ್ ಫ್ರಾನ್ಸಿಸ್ಕೋದ ಪ್ರಾಕ್ಟೀಸ್ ಫ್ಯೂಷನ್ ಎಂಬ ಕಂಪನಿ ಸಣ್ಣಪುಟ್ಟ ಕ್ಲಿನಿಕ್ಕುಗಳಿಗೆ ರೋಗಿಗಳ ದಾಖಲೆ ಬರೆದಿಡುವ ಸಾಫ್ಟ್‌ವೇರನ್ನು ಹಲವು ವರ್ಷ ಪುಕ್ಕಟೆಯಾಗಿ ಕೊಟ್ಟಿತು. ಜಾಹೀರಾತಿನಿಂದ ಅದರ ಹೊಟ್ಟೆ ತುಂಬುತ್ತಿತ್ತು. ಇದರಲ್ಲಿ ಮುಚ್ಚುಮರೆಯೇನೂ ಇರಲಿಲ್ಲ. ಮುಚ್ಚಿಟ್ಟದ್ದು ಬೇರೆಯೇ ಇತ್ತು. ರೋಗಿಯ ನೋವಿನ ಬಗ್ಗೆ ಪರದೆಯ ಮೇಲೆ ಡಾಕ್ಟರರನ್ನು ಎಚ್ಚರಿಸುವ, ಚಿಕಿತ್ಸೆಯ ದಾರಿಗಳನ್ನು ಸೂಚಿಸುವ ಒಂದು ಸೌಲಭ್ಯ ಅದರಲ್ಲಿತ್ತು. ಆ ಸೌಲಭ್ಯ ಹೇಗಿರಬೇಕು ಎಂದು ತೀರ್ಮಾನಿಸುವಾಗ ಓಪಿಯಾಯ್ಡ್ ನೋವುನಿವಾರಕಗಳನ್ನು ಮಾರುವ ಕಂಪನಿಯೊಂದರ ಮಾರಾಟ ವಿಭಾಗದವರೂ ಕೈಜೋಡಿಸಿದ್ದರು. ಅದಕ್ಕಾಗಿ ಸುಮಾರು ಹತ್ತು ಲಕ್ಷ ಡಾಲರ್ ಸಂದಾಯವಾಗಿತ್ತು. 2020ರ ಜನವರಿಯಲ್ಲಿ ಪ್ರಾಕ್ಟೀಸ್ ಫ್ಯೂಷನ್ ಲಂಚ ಪಡೆದದ್ದನ್ನು ಒಪ್ಪಿಕೊಂಡು 14.5 ಕೋಟಿ ಡಾಲರ್ ತೆರಲು ಒಪ್ಪಿತು. ಅದೇ ಮಾತ್ರೆಗಳ ಚಟಕ್ಕೆ ಬಿದ್ದು ಅಮೆರಿಕದಲ್ಲಿ ಸಾವಿರಾರು ಜನ ಸಾಯುತ್ತಿದ್ದ ಕಾಲ ಅದು.

ಈ ಕಥೆಯಲ್ಲಿ ನನ್ನನ್ನು ಕಾಡುವುದು ಲಂಚವಲ್ಲ. ಲಂಚ ಹಳೆಯ ಕಾಯಿಲೆ. ಆ ಡಾಕ್ಟರರು ಯಾರೂ ಒಂದು ಪೈಸೆ ಮುಟ್ಟಿರಲಿಲ್ಲ. ಪರದೆಯ ಮೇಲೆ ಬಂದದ್ದು ವೈದ್ಯಶಾಸ್ತ್ರದ ಸಲಹೆ ಎಂದೇ ನಂಬಿದ್ದರು. ರೋಗಿ ಡಾಕ್ಟರರನ್ನು ನಂಬಿದ, ಡಾಕ್ಟರು ಯಂತ್ರವನ್ನು ನಂಬಿದರು, ಯಂತ್ರ ಮಾತ್ರ ಇನ್ಯಾರದೋ ಮಾತನ್ನು ಆಡುತ್ತಿತ್ತು. ಇಲ್ಲಿ ಡಾಕ್ಟರರ ತಪ್ಪೇನು? ತನಗೆ ಬಿಚ್ಚಿ ನೋಡಲಾಗದ ಸಲಕರಣೆಯನ್ನು ರೋಗಿಯ ಮೈಮೇಲೆ ಪ್ರಯೋಗಿಸುವುದು ಸರಿಯೇ? ಸ್ಟೆತಸ್ಕೋಪು ಸುಳ್ಳು ಹೇಳುವುದಿಲ್ಲ, ಹೇಳಿದರೂ ಯಾರದೋ ಲಾಭಕ್ಕಾಗಿ ಹೇಳುವುದಿಲ್ಲ.

ಇದಕ್ಕೆ ಎದುರಾಗಿ ಇಡಬಹುದಾದ ಉದಾಹರಣೆ ಕೆನಡಾದ ಆಸ್ಕರ್. ಈ ಶತಮಾನದ ಆರಂಭದಲ್ಲಿ ಹ್ಯಾಮಿಲ್ಟನ್‌ನ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಕುಟುಂಬವೈದ್ಯ ವಿಭಾಗದಲ್ಲಿ ಡಾ. ಡೇವಿಡ್ ಚಾನ್ ಕಟ್ಟಲು ತೊಡಗಿದ್ದು ಇದು. ಇದರ ಮೂಲಸಂಕೇತವನ್ನು ಜಿಪಿಎಲ್ ಪರವಾನಗಿಯಡಿ ತೆರೆದಿಟ್ಟರು. ಯಾರು ಬೇಕಾದರೂ ಓದಬಹುದು, ತಿದ್ದಬಹುದು. ತಿದ್ದಿದ್ದನ್ನು ಇನ್ನೊಬ್ಬರಿಗೆ ಕೊಡುವುದಾದರೆ ಮೂಲಸಂಕೇತವನ್ನೂ ಅದೇ ಷರತ್ತಿನ ಮೇಲೆ ಕೊಡಬೇಕು. ಆದರೆ ಇದು ಪುಕ್ಕಟೆಯಲ್ಲ ನೋಡಿ. ಸರ್ವರ್, ಬ್ಯಾಕಪ್, ಕೆಟ್ಟಾಗ ಬಂದು ನೋಡುವ ತಂತ್ರಜ್ಞ, ಎಲ್ಲಕ್ಕೂ ಕ್ಲಿನಿಕ್ಕಿನವರು ದುಡ್ಡು ತೆರಲೇಬೇಕು. ವ್ಯತ್ಯಾಸ ಒಂದೇ: ತಂತ್ರಜ್ಞನನ್ನು ಬದಲಿಸಿದರೆ ದಾಖಲೆಗಳು ಅವನ ಹಿಂದೆ ಹೋಗುವುದಿಲ್ಲ.

ಇದು ಎಷ್ಟು ದೊಡ್ಡ ಮಾತು ಎಂಬುದು ನಮ್ಮ ಕಡೆಯ ಡಾಕ್ಟರೊಬ್ಬರು ತಮ್ಮ ಪಾಡು ಹೇಳಿಕೊಂಡಾಗ ತಿಳಿಯಿತು. ಒಂದು ಕಂಪನಿಯ ಸಾಫ್ಟ್‌ವೇರ್ ಬಿಟ್ಟು ಇನ್ನೊಂದಕ್ಕೆ ಹೋಗಬೇಕೆಂದಾಗ ಎಂಟು ವರ್ಷಗಳ ದಾಖಲೆ ಅವರ ಕೈಗೆ ಬಂದದ್ದು ಸಾವಿರಾರು ಪಿಡಿಎಫ್‌ಗಳ ರಾಶಿಯಾಗಿ. ಯಾರಿಗೆ ಪೆನಿಸಿಲಿನ್ ಒಗ್ಗುವುದಿಲ್ಲ ಎಂದು ಹುಡುಕಬೇಕಾದರೆ ಒಂದೊಂದನ್ನೇ ತೆರೆಯಬೇಕು. “ಕಂಪನಿಯವರು ಕಾನೂನಿನ ಪ್ರಕಾರ ಎಲ್ಲ ಕೊಟ್ಟಿದ್ದಾರೆ ಕಣಪ್ಪ, ಉಪಯೋಗಕ್ಕೆ ಬರೋದು ಮಾತ್ರ ಏನೂ ಇಲ್ಲ” ಎಂದು ನಕ್ಕರು.

ಕಾನೂನು ಕಾಗದದ ಕಾಲದ್ದು. 1992ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಒಂದು ಸುಂದರವಾದ ಭೇದವನ್ನು ಮಾಡಿತು: ದಾಖಲೆಯ ಹಾಳೆ ಡಾಕ್ಟರರದು, ಆದರೆ ಅದರಲ್ಲಿರುವ ಮಾಹಿತಿಯ ಮೇಲೆ ರೋಗಿಗೆ ಹಕ್ಕಿದೆ, ಕೇಳಿದರೆ ತೋರಿಸಬೇಕು. ನಮ್ಮ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯೂ ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಒದಗಿಸಬೇಕು ಎನ್ನುತ್ತದೆ. ಎರಡೂ ಕಡೆ ಇರುವುದು ಇಬ್ಬರೇ, ರೋಗಿ ಮತ್ತು ವೈದ್ಯ. ಹಾಳೆ ತಾನೇ ತಾನಾಗಿ ಅರ್ಥವನ್ನು ಮುಚ್ಚಿಡುವುದಿಲ್ಲವಲ್ಲ (ಡಾಕ್ಟರರ ಕೈಬರಹವನ್ನು ಹೊರತುಪಡಿಸಿ). ಹಾಳೆಯ ಜಾಗಕ್ಕೆ ಕಂಪನಿಯ ಸಾಫ್ಟ್‌ವೇರ್ ಬಂದಾಗ ಮೂರನೆಯವನೊಬ್ಬ ಬಂದು ಕುಳಿತ.

ಹಾಗಾದರೆ ಎಲ್ಲವನ್ನೂ ತೆರೆದಿಟ್ಟರೆ ರೋಗಿಯ ಗುಟ್ಟು ಉಳಿಯುವುದು ಹೇಗೆ ಎಂದು ಕೇಳುವವರಿದ್ದಾರೆ. ಬೀಗ ಹೇಗೆ ಕೆಲಸ ಮಾಡುತ್ತದೆ ಎಂಬುದು ಊರಿಗೆಲ್ಲ ಗೊತ್ತಿದ್ದರೂ ಕೀಲಿಕೈ ನನ್ನ ಹತ್ತಿರ ಇರುವ ತನಕ ಮನೆ ಭದ್ರ. 1883ರಲ್ಲೇ ಆಗಸ್ಟ್ ಕೆರ್ಕ್‌ಹಾಫ್ಸ್ ಗುಪ್ತಲಿಪಿಗಳ ಬಗ್ಗೆ ಇದೇ ತತ್ವವನ್ನು ಮುಂದಿಟ್ಟಿದ್ದ. ಇಂಗ್ಲೆಂಡಿನ ಎರಡು ಪ್ರಯತ್ನಗಳನ್ನು ಹೋಲಿಸಿದರೆ ಇದು ಇನ್ನೂ ನಿಚ್ಚಳ. 2021ರಲ್ಲಿ ಕುಟುಂಬವೈದ್ಯರ ಬಳಿಯ ದಾಖಲೆಗಳನ್ನು ಒಂದೆಡೆ ಒಟ್ಟುಮಾಡುವ ಸರ್ಕಾರಿ ಯೋಜನೆ ಹೊರಬಿದ್ದಾಗ ಹತ್ತು ಲಕ್ಷಕ್ಕೂ ಹೆಚ್ಚು ಜನ ‘ನಮ್ಮದು ಬೇಡ’ ಎಂದು ಬರೆದುಕೊಟ್ಟರು, ಯೋಜನೆಯನ್ನು ಮುಂದೂಡಬೇಕಾಯಿತು. ಅದಕ್ಕೆ ಒಂದು ವರ್ಷ ಮೊದಲು ಆಕ್ಸ್‌ಫರ್ಡಿನ ಬೆನ್ ಗೋಲ್ಡೇಕರ್ ಮತ್ತು ಸಂಗಡಿಗರು ಓಪನ್‌ಸೇಫ್ಲಿ ಕಟ್ಟಿದ್ದರು. ಅಲ್ಲಿ ದಾಖಲೆ ತಾನಿದ್ದ ಜಾಗ ಬಿಟ್ಟು ಕದಲುವುದಿಲ್ಲ. ಸಂಶೋಧಕನ ಪ್ರಶ್ನೆಯೇ ಸಂಕೇತರೂಪದಲ್ಲಿ ಅದರ ಬಳಿ ಹೋಗುತ್ತದೆ. ಯಾರು ಏನು ಕೇಳಿದರು ಎಂಬುದು ಎಲ್ಲರಿಗೂ ಕಾಣುತ್ತದೆ. ಕೇಳುವವನು ಬಯಲಲ್ಲಿ, ಕಾಯಿಲೆಯವನು ಮರೆಯಲ್ಲಿ. ನನಗೆ ಇದು ನ್ಯಾಯವಾದ ಏರ್ಪಾಡಾಗಿ ತೋರುತ್ತದೆ. ನಮ್ಮಲ್ಲಿ ಬಹುತೇಕ ನಡೆಯುವುದು ಇದರ ತಲೆಕೆಳಗು.

ಇಷ್ಟಾದರೂ ಒಂದು ಶಂಕೆ ಉಳಿಯುತ್ತದೆ, ಅದನ್ನು ನುಂಗಿಕೊಳ್ಳಲಾರೆ. ಆಸ್ಕರ್ ಬರೆದಿರುವುದು ಜಾವಾದಲ್ಲಿ. ನನಗೆ ಜಾವಾ ಬರುವುದಿಲ್ಲ, ನಮ್ಮೂರ ಡಾಕ್ಟರರಿಗೂ ಬರುವುದಿಲ್ಲ. ಓದಲು ಬಾರದವರ ಮುಂದೆ ಗ್ರಂಥ ತೆರೆದಿಟ್ಟು ‘ನೀವು ಸ್ವತಂತ್ರರು’ ಎಂದರೆ ಅದು ಹಳೆಯ ಪುರೋಹಿತಶಾಹಿಯ ಹೊಸ ಅವತಾರವೇ ಅಲ್ಲವೇ? ನನ್ನ ಸಮಾಧಾನ ಇಷ್ಟು: ನಾನು ಎಂದೂ ಕೋರ್ಟಿನೊಳಗೆ ಕಾಲಿಟ್ಟವನಲ್ಲ, ಆದರೂ ಅದರ ಬಾಗಿಲು ತೆರೆದಿದೆ ಎಂಬುದೇ ಒಳಗೆ ಕುಳಿತವರ ಮಾತಿನ ಧಾಟಿಯನ್ನು ಬದಲಿಸುತ್ತದೆ. ಯಾರಾದರೊಬ್ಬರು ಓದಬಹುದು ಎಂಬ ಅಳುಕಿದ್ದರೆ ಔಷಧ ಕಂಪನಿಯ ಮಾತನ್ನು ಸಾಫ್ಟ್‌ವೇರಿನೊಳಗೆ ಸೇರಿಸುವ ಕೈ ಒಂದಿಷ್ಟಾದರೂ ನಡುಗೀತು.

ಆದರೆ ತೆರೆದ ಬಾಗಿಲಿನ ಕಡೆಗೆ ಯಾರೂ ಹೋಗದೆಯೂ ಇರಬಹುದು. ಅರ್ಧ ಅಂತರ್ಜಾಲವೇ ನೆಚ್ಚಿಕೊಂಡಿದ್ದ ಓಪನ್‌ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶದಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೋಷ 2012ರಿಂದ 2014ರವರೆಗೆ ಎಲ್ಲರ ಕಣ್ಣೆದುರೇ ಬಿದ್ದಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯಷ್ಟು ಜನ. ಮುಕ್ತತೆಯ ಬಗ್ಗೆ ನಾವು ಆಡುವ ದೊಡ್ಡ ಮಾತುಗಳಲ್ಲಿ ಕಾಣೆಯಾಗುವುದು ಇವರೇ. ಛತ್ತೀಸ್‌ಗಢದ ಗನಿಯಾರಿಯಲ್ಲಿ ಜನ ಸ್ವಾಸ್ಥ್ಯ ಸಹಯೋಗದ ಆಸ್ಪತ್ರೆ ಬಳಸುವ ಬಹಮ್ನಿ ಎಂಬ ಮುಕ್ತ ತಂತ್ರಾಂಶವನ್ನೂ ಯಾರೋ ಕೂತು ತಿದ್ದುತ್ತಲೇ ಇರಬೇಕು. ಕಂಪ್ಯೂಟರು, ಪ್ರಿಂಟರು, ಯುಪಿಎಸ್ ಕೊಳ್ಳಲು ಟೆಂಡರು ಕರೆಯುವ ವಿಧಾನ ನಮಗೆಲ್ಲ ಗೊತ್ತು. ಬೇರೆಯವರು ಬರೆದ ಸಂಕೇತವನ್ನು ಸುಮ್ಮನೆ ಕೂತು ಓದುವವರಿಗೆ ಸಂಬಳ ಕೊಡಬೇಕೆಂದರೆ ಅದನ್ನು ಯಾವ ಬಾಬತ್ತಿಗೆ ಹಾಕುತ್ತೀರಿ?