ಖಾಲಿ ಖೋಲಿಯ ಲೆಕ್ಕ

2024ರ ನವೆಂಬರ್‌ನಲ್ಲಿ ಸತ್ತೂರಿನ ಚಹಾದಂಗಡಿಯ ಬೆಂಚಿನ ಮೇಲೆ ಬಿಪಿಎಲ್ ಕಾರ್ಡಿನದೇ ಮಾತು. ರಾಜ್ಯದ ತುಂಬ ಅನರ್ಹರ ಕಾರ್ಡುಗಳು ರದ್ದಾಗುತ್ತಿದ್ದ ದಿನಗಳವು. "ಕಾರು ಇಟ್ಟಾವ್ರು, ಮಹಡಿ ಕಟ್ಟಿಸಿದಾವ್ರು ಎಲ್ಲಾ ಬಿಪಿಎಲ್ ಒಳಗ ಅದಾರ. ತಗೀಬೇಕ್ರಿ ಇವರನ್ನ" ಎಂದು ಒಬ್ಬರು ಹೇಳಿದಾಗ ಬೆಂಚೆಲ್ಲ ತಲೆಯಾಡಿಸಿತು. ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ತಮ್ಮ ಓಣಿಯ ಒಬ್ಬ ವಿಧವೆಯ ಮಾತು ತೆಗೆದರು. "ಇರಾಕಿ ಒಬ್ಬಾಕಿ. ನಾಕ ಖೋಲಿ ಮನಿ. ಆಕಿಗ್ಯಾಕ ಬಿಪಿಎಲ್?" ಪಕ್ಕದಲ್ಲಿದ್ದವರು ಕಪ್ಪು ಕೆಳಗಿಟ್ಟರು. "ಅಕ್ಕಾರದು ಹಂಗಲ್ಲ ಬಿಡ್ರಿ. ಅದು ಮಾವನ ಕಾಲದ ಮನಿ. ಅವರ ಕೈಯಾಗ ಏನೈತಿ?" ಮೊದಲಿನವರು ಸುಮ್ಮನಾದರು. ಸ್ವಲ್ಪ ಹೊತ್ತು ಬಿಟ್ಟು ತಾವೂ "ಖರೆ, ಅಕ್ಕಾರಿಗೆ ಇರಲಿ" ಎಂದರು.

ಎರಡು ನಿಮಿಷದಲ್ಲಿ 'ಒಬ್ಬಾಕಿ' ಆಗಿದ್ದವರು 'ಅಕ್ಕಾರು' ಆದರು, ಅವರ ಜೊತೆಗೆ ಅಭಿಪ್ರಾಯವೂ ಮಗ್ಗುಲು ಬದಲಿಸಿತು. ಜನಾಭಿಪ್ರಾಯ ಎಂದು ನಾವು ಕರೆಯುವುದು ಇವೆರಡರಲ್ಲಿ ಯಾವುದನ್ನು? ಒಬ್ಬರಿಗೆ ನಾಲ್ಕು ಖೋಲಿ ಹೆಚ್ಚು ಎಂಬ ಮಾತನ್ನೇ, ಅಕ್ಕಾರಿಗೆ ಇರಲಿ ಎಂಬ ಮಾತನ್ನೇ?

ನಿಯಮದ ಹತ್ತಿರ ಹೋಗೋಣ. ಬಿಪಿಎಲ್ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರಬಾರದು, ನಾಲ್ಕು ಚಕ್ರದ ಸ್ವಂತ ವಾಹನ ಇರಬಾರದು ಎಂಬ ಷರತ್ತುಗಳ ಸಾಲಿನಲ್ಲಿ ಮನೆಯನ್ನು ಅಳೆಯುವ ಷರತ್ತೂ ಒಂದಿದೆ: ನಗರದಲ್ಲಿ 1,000 ಚದರ ಅಡಿಗಿಂತ ದೊಡ್ಡ ಪಕ್ಕಾ ಮನೆ ಇದ್ದರೆ ಅನರ್ಹ. ಹಾಳೆಯ ಮೇಲೆ ಇದು ಸರಿಯಾಗಿಯೇ ಕಾಣುತ್ತದೆ. ಆದರೆ ಸತ್ತೂರು ನಗರವೋ ಹಳ್ಳಿಯೋ? ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವಿನ ಊರಿದು. 1962ರಲ್ಲಿ ಎರಡೂ ಪೇಟೆಗಳನ್ನು ಕೂಡಿಸಿ ಮಹಾನಗರಪಾಲಿಕೆ ಮಾಡಿದ್ದರಿಂದ ಇಂಥ ಊರುಗಳು ಹೊಲ, ಹಕ್ಕಿ, ದನಗಳ ಸಮೇತ ನಗರದ ನಕಾಶೆಯೊಳಗೆ ಬಂದವು. ಹಳೆಯ ಮನೆಗಳು ಒಕ್ಕಲುತನಕ್ಕೆಂದು ಕಟ್ಟಿದವು. ಮುಂದೆ ದನಕ್ಕೆ ಜಾಗ, ಮೇಲೆ ಪಡಸಾಲಿ, ಕಾಳಿನ ಚೀಲಕ್ಕೊಂದು ಖೋಲಿ, ದೇವರಿಗೊಂದು ಮೂಲೆ. ದನ ಹೋದವು, ಹೊಲ ಹೋಯಿತು, ಮಕ್ಕಳು ಕೆಲಸ ಹುಡುಕಿಕೊಂಡು ಹೋದರು. ಅಡಿಗಳು ಮಾತ್ರ ಅಷ್ಟೇ ಉಳಿದವು. ಆ ಮನೆಗೆ ಟೇಪು ಹಿಡಿದರೆ ಸಿಗುವುದು ಅಜ್ಜನ ಬಲದ ಅಳತೆ. ಮೊಮ್ಮಗನ ಬಡತನದ ಅಳತೆ ಅದರಲ್ಲಿ ಇಲ್ಲ.

ಖೋಲಿ ಎಣಿಸಿ ನೆರವು ಕಡಿಯುವ ಪದ್ಧತಿ ಅತಿ ನಿಖರವಾಗಿ ಜಾರಿಯಾದದ್ದು ಬ್ರಿಟನ್ನಿನಲ್ಲಿ. 2012ರ ಕಲ್ಯಾಣ ಸುಧಾರಣಾ ಕಾಯ್ದೆಯಡಿ 2013ರ ಏಪ್ರಿಲ್ 1ರಿಂದ, ಕೌನ್ಸಿಲ್ ಮತ್ತು ವಸತಿ ಸಂಘಗಳ ಮನೆಗಳಲ್ಲಿ ಬಾಡಿಗೆಗಿದ್ದ, ದುಡಿಯುವ ವಯಸ್ಸಿನವರ ಮೇಲೆ ಈ ನಿಯಮ ಬಂತು. ಮಲಗುವ ಕೋಣೆ ಒಂದು ಹೆಚ್ಚಿದ್ದರೆ ಬಾಡಿಗೆಯಲ್ಲಿ 14%, ಎರಡು ಅಥವಾ ಅದಕ್ಕಿಂತ ಹೆಚ್ಚಿದ್ದರೆ 25% ನೆರವು ಖೋತಾ. ದಂಪತಿಗೆ ಒಂದು ಕೋಣೆ. 16 ದಾಟಿದವರಿಗೆ ಒಂದೊಂದು. ಅದಕ್ಕೂ ಚಿಕ್ಕವರಾದರೆ ಇಬ್ಬರು ಹುಡುಗರಿಗೆ ಒಂದು, ಇಬ್ಬರು ಹುಡುಗಿಯರಿಗೆ ಒಂದು. ಹತ್ತರೊಳಗಿನ ಅಣ್ಣ ತಂಗಿ ಕೂಡಿಯೇ ಮಲಗಬೇಕು. ಪಿಂಚಣಿ ವಯಸ್ಸಿನವರಿಗೆ ವಿನಾಯಿತಿ. ಸರ್ಕಾರ ಇದನ್ನು ಹೆಚ್ಚುವರಿ ಕೋಣೆಯ ಸಬ್ಸಿಡಿ ತೆಗೆಯುವುದು ಎಂದು ಕರೆಯಿತು. ವಿರೋಧಿಗಳು ಮಲಗುವ ಕೋಣೆ ತೆರಿಗೆ ಎಂದರು. ಸಬ್ಸಿಡಿ ಎಂದರೆ ಕೊಟ್ಟವನು ತೆಗೆದುಕೊಂಡ, ತಪ್ಪೇನು ಅನಿಸುತ್ತದೆ. ತೆರಿಗೆ ಎಂದರೆ ನಮ್ಮ ಹಾಸಿಗೆಗೂ ಸುಂಕವೇ ಅನಿಸುತ್ತದೆ. ಹೆಸರು ಒಪ್ಪಿಕೊಂಡರೆ ಅರ್ಧ ತೀರ್ಪು ಕೊಟ್ಟಂತೆಯೇ.

ಆ ಸರ್ಕಾರದ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಒಂದು ಕಡೆ ಇಕ್ಕಟ್ಟಿನಲ್ಲಿ ಹೆಣಗುತ್ತ ದೊಡ್ಡ ಮನೆಗೆ ಪಾಳಿ ಹಚ್ಚಿ ಕುಳಿತ ಕುಟುಂಬಗಳು, ಇನ್ನೊಂದು ಕಡೆ ಸಾರ್ವಜನಿಕರ ಹಣದಲ್ಲಿ ಬೀಗ ಹಾಕಿ ಇಟ್ಟ ಕೋಣೆಗಳು. ಖಾಸಗಿ ಬಾಡಿಗೆಯಲ್ಲಿದ್ದ ಬಡವರಿಗೆ 2008ರಿಂದಲೇ ಕೋಣೆ ಎಣಿಸಿ ನೆರವು ಕೊಡುತ್ತಿದ್ದರು. ಅವರಿಗೊಂದು ನ್ಯಾಯ, ಇವರಿಗೊಂದು ನ್ಯಾಯವೇ? ತಾಳೆ ನೋಡಿದರೆ ಪ್ರಶ್ನೆ ಸರಿ ಇದೆ. ಎಡವಿದ್ದು ಬೇರೆಡೆ. ಚಿಕ್ಕ ಮನೆಗೆ ಹೋಗಿ ಎಂದವರು ಚಿಕ್ಕ ಮನೆಗಳು ಸಾಕಷ್ಟಿವೆಯೇ ಎಂದು ಮೊದಲು ನೋಡಬೇಕಿತ್ತು. ಒಂದು ಕೋಣೆಯ ಸರ್ಕಾರಿ ಮನೆಗಳದೇ ಕೊರತೆಯಿದ್ದ ಊರುಗಳಲ್ಲಿ ಜನ ಇದ್ದಲ್ಲೇ ಇದ್ದು, ಕಡಿತವನ್ನು ಊಟದ ದುಡ್ಡಿನಿಂದ ತುಂಬಿದರು. 2016ರ ನವೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಎರಡು ಕುಟುಂಬಗಳ ಪರ ತೀರ್ಪು ಕೊಟ್ಟಿತು. ಒಂದರಲ್ಲಿ ಹೆಂಡತಿಯ ಅಂಗವೈಕಲ್ಯದಿಂದ ಗಂಡ ಹೆಂಡತಿ ಒಂದೇ ಕೋಣೆಯಲ್ಲಿ ಮಲಗುವಂತಿರಲಿಲ್ಲ. ಇನ್ನೊಂದರಲ್ಲಿ ತೀವ್ರ ಅಂಗವಿಕಲ ಮೊಮ್ಮಗನನ್ನು ಸಾಕುವ ಅಜ್ಜ ಅಜ್ಜಿಯ ಮನೆಯಲ್ಲಿ ರಾತ್ರಿ ಆರೈಕೆಗೆ ಬರುವವರಿಗೆ ಆ ಕೋಣೆ ಬೇಕಿತ್ತು. ಎರಡೂ ಮನೆಗಳಲ್ಲಿ ತಲೆಯೆಣಿಕೆ ತಪ್ಪಿರಲಿಲ್ಲ. ಆ ತಲೆಗಳ ನಡುವೆ ಏನು ನಡೆಯುತ್ತದೆ ಎಂಬುದನ್ನು ಬರೆದುಕೊಳ್ಳಲು ನಿಯಮದಲ್ಲಿ ಜಾಗವಿರಲಿಲ್ಲ, ಅಷ್ಟೇ.

ಚಹಾದಂಗಡಿಯ ಅಕ್ಕಾರ ಮನೆಗೂ ಇದೇ ಮಾತು ಒಪ್ಪುತ್ತದೆ. ನಮ್ಮ ಕಡೆ ಮದುವೆಯಾಗಿ ಹೋದ ಮಗಳ ಖೋಲಿ ಖಾಲಿ ಎನಿಸಿಕೊಳ್ಳುವುದಿಲ್ಲ. ಪಂಚಮಿಗೆ ಆಕೆ ಬರಬೇಕು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಗಾಳಿ ಬಡಿಯದ ಒಳಖೋಲಿ, ಹೊರಸು, ಕೆಳಗೆ ಲೋಬಾನದ ಕೆಂಡ, ತಿಂಗಳುಗಟ್ಟಲೆ ಬೇರೆ ಯಾರಿಗೂ ಪ್ರವೇಶವಿಲ್ಲ. ಗಂಡನ ಮನೆಯಲ್ಲಿ ಕಷ್ಟವಾದರೆ ಹೇಳದೆ ಕೇಳದೆ ಬಂದು ಇಳಿಯಲೂ ಆಕೆಗೆ ಅದೇ ಜಾಗ. ಆಸ್ತಿಯಲ್ಲಿ ಮಗಳ ಪಾಲಿನ ಕಾನೂನು ಬಂದದ್ದು ತಡವಾಗಿ. ಬಡಮನೆಗಳಲ್ಲಿ ಅದಕ್ಕೂ ಮೊದಲಿನಿಂದ ಆಕೆಗೆ ದಕ್ಕಿದ್ದ ಪಾಲೆಂದರೆ ಈ ಖೋಲಿಯ ಮೇಲಿನ ಸಲಿಗೆ. ಸತ್ತೂರಿಗೆ ಇನ್ನೊಂದು ಕಾರಣವೂ ಸೇರಿಕೊಂಡಿದೆ. ಇಲ್ಲಿ ಎಸ್‌ಡಿಎಂ ಆಸ್ಪತ್ರೆಯಿದೆ. ಒಂದು ಆಪರೇಷನ್ ಎಂದರೆ ರೋಗಿಯ ಹಿಂದೆ ನಾಲ್ಕು ಜನ ಬರುತ್ತಾರೆ. ದೂರದ ಸಂಬಂಧ ಹುಡುಕಿ, ಬುತ್ತಿಗಂಟು ಹಿಡಿದು, "ಎರಡು ರಾತ್ರಿ ಇರತೇವ್ರಿ" ಎಂದು ಬಂದವರಿಗೆ ಬಾಗಿಲು ತೆಗೆಯುವುದೂ ಇಂಥ ಖೋಲಿಯೇ. ವರ್ಷದ ಒಂದು ಮಂಗಳವಾರ ಮಧ್ಯಾಹ್ನ ಬಂದು ನೋಡಿದವರಿಗೆ ಅದು ಖಾಲಿ ಕಂಡೀತು. ಆದರೆ ಕೆರೆ ಬೇಸಿಗೆಯಲ್ಲಿ ಒಣಗಿದೆಯೆಂದು ಅದನ್ನು ಬಯಲು ಎಂದು ಬರೆದುಕೊಳ್ಳುವುದು ಎಷ್ಟು ಸರಿ?

ಇಷ್ಟು ಹೇಳಿ ನಿಲ್ಲಿಸಿದರೆ ಪ್ರಬಂಧ ಇಂಪಾಗಿ ಮುಗಿಯುತ್ತದೆ, ಪ್ರಾಮಾಣಿಕವಾಗಿ ಮುಗಿಯುವುದಿಲ್ಲ. ಅಕ್ಕಾರ ಮನೆಯಿಂದ ಸ್ವಲ್ಪ ದೂರದಲ್ಲೇ ತಗಡಿನ ಮಾಡಿನ ಒಂದೇ ಖೋಲಿಯಲ್ಲಿ ಗಂಡ, ಹೆಂಡತಿ, ಅತ್ತೆ, ಬೆಳೆದ ಮಗಳು ಬಾಡಿಗೆಗಿರುತ್ತಾರೆ. ಅವರಿಗೂ ತವರಿದೆ, ಅವರಿಗೂ ಬೀಗರಿದ್ದಾರೆ. ಬಂದರೆ ಇಳಿಸಲು ಜಾಗವಿಲ್ಲ. 2012ರಲ್ಲಿ ಕೇಂದ್ರದ ತಾಂತ್ರಿಕ ತಂಡವೊಂದು ದೇಶದ ನಗರಗಳ ವಸತಿ ಕೊರತೆಯನ್ನು ಸುಮಾರು 1.88 ಕೋಟಿ ಎಂದು ಅಂದಾಜಿಸಿತು. ಅದರಲ್ಲಿ ಸುಮಾರು 1.5 ಕೋಟಿ ಬಂದದ್ದು ಇಕ್ಕಟ್ಟಿನ ಲೆಕ್ಕದಿಂದ, ಅಂದರೆ ದಂಪತಿಗೆ ತಮ್ಮದೇ ಒಂದು ಖೋಲಿ ಇಲ್ಲದ ಮನೆಗಳಿಂದ. ಸೂರಿಲ್ಲದವರಿಗಿಂತ ಬಾಗಿಲು ಹಾಕಿಕೊಳ್ಳಲಾಗದವರೇ ನಮ್ಮಲ್ಲಿ ಹೆಚ್ಚು. ಅಕ್ಕಾರ ಖೋಲಿಗೆ ಸಂಬಂಧಗಳ ಸಮರ್ಥನೆಯಿದ್ದರೆ ಈ ಮನೆಯ ಹಸಿವೂ ಸಂಬಂಧಗಳದೇ. ಹಂಚುವ ವಸ್ತು ಕಡಿಮೆ ಇದ್ದಾಗ ಅಳೆಯಲೇಬೇಕು. ಅಳತೆಯೇ ಅವಮಾನ ಎನ್ನುವುದು ಜಾಗವುಳ್ಳವರಿಗೆ ಮಾತ್ರ ಸುಲಭವಾದ ಮಾತು.

ಹಾಗಾದರೆ ಟೇಪು ಯಾರ ಮನೆಯಿಂದ ಶುರುವಾಗಬೇಕು? 2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿಯಿದ್ದವು. ಅವು ಖೋಲಿಗಳಲ್ಲ, ಇಡೀ ಮನೆಗಳು. ಒಂದು ಕಾಲಕ್ಕೆ ಕಾನೂನು ಅವುಗಳ ಒಳಗೂ ಇಣುಕುತ್ತಿತ್ತು. ಕರ್ನಾಟಕದ 1961ರ ಬಾಡಿಗೆ ನಿಯಂತ್ರಣ ಕಾಯ್ದೆಯಡಿ ಮನೆ ಖಾಲಿಯಾದರೆ ಮಾಲೀಕ ಅಧಿಕಾರಿಗೆ ತಿಳಿಸಬೇಕಿತ್ತು; ಅಧಿಕಾರಿ ಅದನ್ನು ಬೇರೆಯವರಿಗೆ ಹಂಚಬಹುದಿತ್ತು. ಆದಾಯ ತೆರಿಗೆಯಲ್ಲಿಯೂ ಎರಡನೇ ಮನೆಗೆ ಬೀಗ ಹಾಕಿಟ್ಟರೆ ಬಾರದ ಬಾಡಿಗೆಯನ್ನು ಬಂದಂತೆಯೇ ಎಣಿಸಿ ತೆರಿಗೆ ಹಾಕುತ್ತಿದ್ದರು. 2019ರ ಫೆಬ್ರವರಿಯ ಬಜೆಟ್ ಎರಡನೇ ಮನೆಯನ್ನು ಆ ಲೆಕ್ಕದಿಂದ ಬಿಟ್ಟಿತು. ಅದಕ್ಕೆ ಕೊಟ್ಟ ಕಾರಣವನ್ನು ಗಮನಿಸಬೇಕು: ಮಧ್ಯಮ ವರ್ಗದವರು ನೌಕರಿ, ಮಕ್ಕಳ ಓದು, ತಂದೆ ತಾಯಿಯ ಆರೈಕೆಗೆಂದು ಎರಡು ಕಡೆ ಸಂಸಾರ ನಡೆಸಬೇಕಾಗುತ್ತದೆ.

ಕಾರಣ ಸುಳ್ಳಲ್ಲ. ಧಾರವಾಡದಲ್ಲಿ ಅಪ್ಪ ಅಮ್ಮನನ್ನಿಟ್ಟು ಬೆಂಗಳೂರಿನಲ್ಲಿ ದುಡಿಯುವ ನನ್ನಂಥವರ ಸಂಕಟ ಸರ್ಕಾರಕ್ಕೆ ಅರ್ಥವಾಯಿತಲ್ಲ ಎಂದು ನನಗೂ ಆಗ ಖುಷಿಯೇ ಆಗಿತ್ತು. ಆದರೆ ಅದೇ ಸಂಬಂಧಗಳ ವಾದ ಇಡೀ ಮನೆಯೊಂದಕ್ಕೆ ಸಾಕಾಗಿ, ಬಡವರ ಒಂದು ಖೋಲಿಗೆ ಯಾಕೆ ಸಾಲುವುದಿಲ್ಲ? ಉತ್ತರ ಸರಳವಿದೆ. ಅಕ್ಕಿ ಚೀಲ ತರುವುದು ಓಣಿಗೆಲ್ಲ ಕಾಣುತ್ತದೆ, ತೆರಿಗೆಯಲ್ಲಿ ಉಳಿದ ದುಡ್ಡು ಯಾರಿಗೂ ಕಾಣುವುದಿಲ್ಲ. ಕಣ್ಣಿಗೆ ಬಿದ್ದ ನೆರವನ್ನು ನಾವು ದಾನ ಎನ್ನುತ್ತೇವೆ, ಬೀಳದ್ದನ್ನು ಹಕ್ಕು ಎನ್ನುತ್ತೇವೆ. ಚಹಾದಂಗಡಿಯಲ್ಲಿ ಕಾರ್ಡಿನ ಮಾತು ಎರಡು ವಾರ ನಡೆಯಿತು. ನನ್ನ ರಿಟರ್ನ್ಸಿನ ಮಾತನ್ನು ಅಲ್ಲಿ ಯಾರೂ ಎಂದೂ ಎತ್ತಿಲ್ಲ.

ಮೊದಲಿನ ಪ್ರಶ್ನೆಗೆ ಈಗ ಬರಬಹುದು. ಆ ಬೆಂಚಿನ ಎರಡು ಮಾತುಗಳಲ್ಲಿ ನಿಜವಾದ ಜನಾಭಿಪ್ರಾಯ ಯಾವುದು? ಎರಡೂ ಎಂದೇ ನನಗನಿಸುತ್ತದೆ. ಅವು ಬೇರೆ ಬೇರೆ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು. ಮೊದಲನೆಯದು ನ್ಯಾಯ ಹೇಗಿರಬೇಕು ಎಂಬುದಕ್ಕೆ, ಎರಡನೆಯದು ನಮ್ಮ ಓಣಿಯ ಈ ಮನೆಯಲ್ಲಿ ಏನು ನಡೆದಿದೆ ಎಂಬುದಕ್ಕೆ. ಎರಡನೆಯದನ್ನು ಬರೀ ಮರುಕ ಎಂದು ತಳ್ಳುವಂತಿಲ್ಲ, ಅದು ಮಾಹಿತಿ. ಆಡಳಿತಕ್ಕೆ ಗೊತ್ತಿಲ್ಲದ್ದು ಪಕ್ಕದ ಮನೆಯವರಿಗೆ ಗೊತ್ತಿತ್ತು. ಆ ನವೆಂಬರ್‌ನಲ್ಲಿ ರಾಜ್ಯದಲ್ಲಿ ಆದದ್ದೂ ಹೆಚ್ಚುಕಡಿಮೆ ಇದೇ. ಗದ್ದಲ ಹೆಚ್ಚಿದ ಮೇಲೆ, ಆದಾಯ ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡು ಮರಳಿಸುತ್ತೇವೆ ಎಂದು ಸರ್ಕಾರ ಹೇಳಿತು. ಅಂಜಿಕೆಯಿಂದ ಹೇಳಿತು ಎಂದವರಿದ್ದರು. ಇರಬಹುದು, ಆದರೆ ಅಂಜಿಕೆಯಿಂದಲೂ ಒಮ್ಮೊಮ್ಮೆ ಸರಿಯಾದ ಗೆರೆ ಬೀಳುತ್ತದೆ.

ಹಾಗೆಂದು ಓಣಿಯವರ ಮಾತಿಗೇ ಎಲ್ಲವನ್ನೂ ಬಿಟ್ಟರೂ ಆಗದು. ಅಕ್ಕಾರಿಗೆ 'ಅಕ್ಕಾರು' ಎನ್ನುವವರು ಬೆಂಚಿನ ಮೇಲಿದ್ದರು. ತಗಡಿನ ಖೋಲಿಯ ಬಾಡಿಗೆಯವರಿಗೆ ಹಾಗೆನ್ನುವವರು ಯಾರು? ನಿನ್ನೆ ಮೊನ್ನೆ ಬಂದವರು, ಜಾತಿ ಬೇರೆ, ಮಾತಿನ ಧಾಟಿ ಬೇರೆ. ಅವರು ಯಾವಾಗಲೂ 'ಒಬ್ಬಾಕಿ', 'ಯಾರೋ ಒಬ್ಬ' ಆಗಿಯೇ ಉಳಿಯುತ್ತಾರೆ. ಗುರುತಿಲ್ಲದವರಿಗೂ ನ್ಯಾಯ ಸಿಗಲೆಂದೇ ನಿಯಮ ಬೇಕು. ಆ ನಿಯಮಕ್ಕೆ ಕೆಲವು ಕಟ್ಟಲೆಗಳೂ ಬೇಕು. ಚಿಕ್ಕ ಮನೆಗೆ ಹೋಗು ಎನ್ನುವ ಮೊದಲು ಆ ಮನೆಯನ್ನು ಅದೇ ಊರಿನಲ್ಲಿ, ಅದೇ ಆಸ್ಪತ್ರೆ ಶಾಲೆಗಳ ಹತ್ತಿರ ತೋರಿಸಬೇಕು. ಮನೆಯ ಅಡಿಗಳ ಜೊತೆ ಕೈಗೆ ಬರುವ ದುಡ್ಡನ್ನೂ ಇಟ್ಟು ನೋಡಬೇಕು. ಪಡಿತರದ ಮನೆಗೆ ಹೋಗುವ ಟೇಪು ತೆರಿಗೆ ರಿಯಾಯಿತಿಯ ಮನೆಗೂ ಹೋಗಬೇಕು. ಕೊನೆಯದು ಒಂದಿದ್ದರೆ ಉಳಿದವು ತಾವಾಗಿ ಬಂದಾವು. ತನ್ನ ಮನೆಗೂ ಟೇಪು ಬರುತ್ತದೆ ಎಂದು ಗೊತ್ತಿದ್ದವನು ಅಳತೆಯ ನಿಯಮವನ್ನು ಬಹಳ ಹುಷಾರಾಗಿ ಬರೆಯುತ್ತಾನೆ.

ಅಲ್ಲಿಯವರೆಗೆ, ಮನೆಗಳ ಸಮೀಕ್ಷೆಗೆ ಬರುವವರಲ್ಲಿ ನನ್ನದೊಂದು ಕೇಳಿಕೆ. ಖೋಲಿ ಖಾಲಿ ಇದೆ ಎಂದು ಬರೆದುಕೊಂಡರೆ, ಪಕ್ಕದಲ್ಲಿ ತಾರೀಖನ್ನೂ ಬರೆಯಿರಿ. ಪಂಚಮಿಯ ಮುಂದೋ ಹಿಂದೋ ಎಂದು ಓದುವವರಿಗೆ ತಿಳಿಯಲಿ.