‘ಮಕ್ರೂಹ್ ತಾನೇ?’



ಇಫ್ತಾರ್ ಮುಗಿದ ಕೂಡಲೇ ನಮ್ಮ ಕ್ಯಾಂಪಿನ ಮೆಟ್ಟಿಲ ಬಳಿ ಹೊಗೆ ಏಳುವುದನ್ನು ನೀವು ನೋಡಿದ್ದೀರಿ. ಆ ಗುಂಪಿನಲ್ಲಿ ನಾನೂ ಒಬ್ಬ. ಬಾಯಲ್ಲಿ ಖರ್ಜೂರ ಇರುವಾಗಲೇ ಕೈ ಕಿಸೆಗೆ ಹೋಗುತ್ತದೆ. ಯಾರಾದರೂ ಕೇಳಿದರೆ ಉತ್ತರ ಸಿದ್ಧ: “ಮಕ್ರೂಹ್ ತಾನೇ? ಗಾಂಜಾ ಏನೂ ಅಲ್ಲವಲ್ಲ!”

ನಾನು ಲೆಕ್ಕ ಬರೆಯುವವನು, ಫತ್ವಾ ಕೊಡುವವನಲ್ಲ. ಮದ್ರಸದಲ್ಲಿ ಕಲಿತದ್ದು ಇಷ್ಟು: ಗಾಂಜಾ, ಹಶೀಶ್ ಅಮಲು ಬರಿಸುವುದರಿಂದ ಹರಾಮ್. ತಂಬಾಕಿನ ಕಥೆ ಬೇರೆ. ಅದು ಅಮೆರಿಕ ಖಂಡದಿಂದ ಬಂದ ಗಿಡ, ನಾಲ್ವರು ಇಮಾಮರ ಕಾಲದಲ್ಲಿ ನಮ್ಮ ಕಡೆ ಇರಲೇ ಇಲ್ಲ. ಹಾಗಾಗಿ ವಿದ್ವಾಂಸರಲ್ಲಿ ಮತಭೇದ ಬಂತು. 1633ರಲ್ಲಿ ಉಸ್ಮಾನಿ ಸುಲ್ತಾನ್ ನಾಲ್ಕನೇ ಮುರಾದ್ ತಂಬಾಕು ಸೇದುವುದನ್ನೇ ನಿಷೇಧಿಸಿದರು. ಅದೇ ಶತಮಾನದಲ್ಲಿ ಡಮಾಸ್ಕಸ್‌ನ ವಿದ್ವಾಂಸ ಅಬ್ದುಲ್ ಗನಿ ನಾಬುಲ್ಸಿ ಅದು ಅನುಮತಿಸಲ್ಪಟ್ಟದ್ದು ಎಂದು ಗ್ರಂಥ ಬರೆದರು. ಶ್ವಾಸಕೋಶದ ಕ್ಯಾನ್ಸರ್‌ಗೂ ಇದಕ್ಕೂ ಇರುವ ನಂಟು ಆಗ ಯಾರಿಗೂ ತಿಳಿದಿರಲಿಲ್ಲ. ನಮಗೆ ತಿಳಿದಿದೆ, ಪ್ಯಾಕೆಟ್ಟಿನ ಮೇಲೆ ಚಿತ್ರವೇ ಇದೆ.

ಕೆಲವು ವರ್ಷಗಳ ಹಿಂದೆ ನಮ್ಮ ರೂಮಿಗೆ ಬಂಟ್ವಾಳ ಕಡೆಯ ಒಬ್ಬ ಹುಡುಗ ಬಂದ. ಮನೆಯ ನೆನಪು, ನಿದ್ದೆ ಇಲ್ಲ. ಒಂದು ರಾತ್ರಿ “ತಗೋ, ಮನಸ್ಸು ಹಗುರವಾಗುತ್ತದೆ” ಎಂದು ನಾನೇ ಸಿಗರೇಟ್ ಚಾಚಿದೆ. ಕೆಮ್ಮಿದ, ನಾವೆಲ್ಲ ನಕ್ಕೆವು. ವಾರದಲ್ಲಿ ಕೆಮ್ಮು ನಿಂತಿತು.

ಎರಡು ವರ್ಷದ ನಂತರ ರಜೆಯಲ್ಲಿ ಊರಿಗೆ ಹೋದವನಿಗೆ ಗೆಳೆಯರು ಸಿಗರೇಟಿನ ತಂಬಾಕು ಉದುರಿಸಿ, ಗಾಂಜಾ ಬೆರೆಸಿ, ಮತ್ತೆ ತುಂಬಿಸಿ ಕೊಟ್ಟರು. ನೋಡಲಿಕ್ಕೂ ಸಿಗರೇಟು, ಹಿಡಿಯಲಿಕ್ಕೂ ಸಿಗರೇಟು. ರಜೆಯುದ್ದಕ್ಕೂ ನಡೆಯಿತು. ನಿಕೋಟಿನ್ ಎರಡು ಗಂಟೆಯಲ್ಲಿ ರಕ್ತದಲ್ಲಿ ಅರ್ಧಕ್ಕಿಳಿಯುತ್ತದೆ; ಗಾಂಜಾದ ಅಂಶ ಕೊಬ್ಬಿನಲ್ಲಿ ಕೂತು, ಪದೇ ಪದೇ ಸೇದಿದವನ ಮೂತ್ರದಲ್ಲಿ ವಾರಗಟ್ಟಲೆ ಸಿಗುತ್ತದೆ. ವಾಪಸಾದ ಮೇಲೆ ಕೆಲಸದ ಜಾಗದಲ್ಲಿ ಪರೀಕ್ಷೆ ಮಾಡಿದಾಗ ಸಿಕ್ಕಿಬಿದ್ದ. ಅವನ ಕೊನೆಯ ಲೆಕ್ಕ ಚುಕ್ತಾ ಮಾಡಿದ್ದು ನಾನೇ. ಸಹಿ ಹಾಕುವಾಗ ಹೇಳಿದ, “ಭಾಯ್, ಅದು ಸಿಗರೇಟಿನ ಹಾಗೆಯೇ ಇತ್ತು.”

ಆ ಮಾತು ನನ್ನನ್ನು ಬಿಟ್ಟಿಲ್ಲ. ಅವನ ತಪ್ಪಿನಲ್ಲಿ ಎಷ್ಟು ಭಾಗವನ್ನು ನನ್ನ ಖಾತೆಗೆ ಬರೆಯಬೇಕು?

ನನ್ನ ಪರವಾಗಿಯೂ ವಾದಿಸಿ ನೋಡಿದ್ದೇನೆ. ಸಿಗರೇಟು ಸೇದುವವರೆಲ್ಲ ಗಾಂಜಾಕ್ಕೆ ಹೋಗುವುದಿಲ್ಲ; ಇಪ್ಪತ್ತು ವರ್ಷ ಸೇದಿದ ನಾನು ಹೋಗಿಲ್ಲ. ಬೆರೆಸಿದ್ದನ್ನು ಮೊದಲು ಸೇದಿ, ಆಮೇಲೆ ಸಿಗರೇಟಿಗೆ ಅಂಟಿಕೊಂಡವರೂ ಇದ್ದಾರೆ. ಊರಿನ ಆ ಗೆಳೆಯರು ನನ್ನ ಗೆಳೆಯರಲ್ಲ. ಇದೆಲ್ಲ ನಿಜವೇ. ಆದರೂ ಹೊಗೆಯನ್ನು ಎದೆಯೊಳಗೆ ಎಳೆದು ಹಿಡಿಯುವುದನ್ನು ಆ ಹುಡುಗನಿಗೆ ಕಲಿಸಿದ್ದು ನಾನು. ಕಲಿಯದವನಾಗಿದ್ದರೆ ಮೊದಲ ಎಳೆತಕ್ಕೇ ಕೆಮ್ಮುತ್ತಿದ್ದ, ಬಹುಶಃ ಬೇಡ ಎನ್ನುತ್ತಿದ್ದ. ಹರಾಮ್ ವಸ್ತು ಅವನ ಬಾಯಿಗೆ ಬಂದದ್ದು ‘ಮಕ್ರೂಹ್’ ಕಾಗದದೊಳಗೆ.

ಸೂರಃ ಅಲ್ ಬಕರದಲ್ಲಿ ಮದ್ಯದ ಬಗ್ಗೆ ಹೇಳುವಾಗ ಅದರಲ್ಲಿ ಜನರಿಗೆ ಸ್ವಲ್ಪ ಲಾಭವೂ ಇದೆ ಎಂಬುದನ್ನು ಅಲ್ಲಾಹನು ಮುಚ್ಚಿಡಲಿಲ್ಲ. ಪಾಪ ಅದಕ್ಕಿಂತ ದೊಡ್ಡದು ಎಂದನು. ಲೆಕ್ಕದವನಾಗಿ ನನಗೆ ಇದು ತುಂಬ ಇಷ್ಟ, ಎರಡೂ ಕಡೆ ಬರೆಯಲಾಗಿದೆ. ನನ್ನ ಪುಸ್ತಕದಲ್ಲಿ ನಾನು ಲಾಭದ ಕಡೆ ಮಾತ್ರ ಬರೆದಿದ್ದೆ: ಒಬ್ಬ ಹುಡುಗನಿಗೆ ಒಂದು ರಾತ್ರಿಯ ಸಮಾಧಾನ.

ನಿಮ್ಮ ರೂಮಿಗೂ ಈ ತಿಂಗಳು ಹೊಸಬ ಬಂದಿರಬಹುದು. ಇಫ್ತಾರ್ ಆದ ಮೇಲೆ ನಿಮ್ಮ ಪಕ್ಕದಲ್ಲೇ ನಿಂತಿರುತ್ತಾನೆ, ಕೈ ಖಾಲಿ. ಪ್ಯಾಕೆಟ್ ಚಾಚುವುದು ನಮ್ಮಲ್ಲಿ ಮರ್ಯಾದೆ, ಚಾಚದಿದ್ದರೆ ಜಿಪುಣ ಎನ್ನುತ್ತಾರೆ. ಅನ್ನಲಿ. ಅವನಿಗೆ ಒಂದು ಲೋಟ ಚಹಾ ಕೊಡಿ, ಮನೆಯ ವಿಷಯ ಕೇಳಿ.

ಶಾಬಾನಿನಲ್ಲಿ ಆ ಹುಡುಗ ಫೋನ್ ಮಾಡಿದ್ದ. ಈಗ ಊರಲ್ಲಿ ಆಟೋ ಓಡಿಸುತ್ತಾನಂತೆ, ಗಾಂಜಾ ಬಿಟ್ಟಿದ್ದಾನಂತೆ. ಸಿಗರೇಟನ್ನೂ ಬಿಟ್ಟನಂತೆ, ಅದು ಬಾಯಲ್ಲಿದ್ದರೆ ಇನ್ನೊಂದು ನೆನಪಾಗುತ್ತದೆ ಎಂದು. “ನೀವು ಬಿಟ್ಟಿರಾ ಭಾಯ್?” ಎಂದು ಕೇಳಿದ.

“ರಮಝಾನ್ ಬರಲಿ” ಎಂದೆ.

ಬಂದಿದೆ.